ಅಡಿಯ ನೀರು

ಹೋದ ವಾರ ಕಾಪುವಿನಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಕಡಲ ಬದಿಗೆ ನಡೆದು ಹೋಗಿದ್ದೆ. ದೀಪಸ್ತಂಭದಿಂದ ಸ್ವಲ್ಪ ಈಚೆ ಒಂದು ಹಳೆಯ ದೋಣಿಯನ್ನು ಮಗುಚಿ ಹಾಕಿ ಯಾರೋ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯ ವಾಸನೆ ಸುಖದ್ದೇನಲ್ಲ. ಮೂಗಿಗೆ ಹೊಡೆಯುತ್ತದೆ, ಕಣ್ಣು ಉರಿಯುತ್ತದೆ. ಮರಕ್ಕೆ ಹುಳ ಹಿಡಿಯದಂತೆ ಮೊದಲೆಲ್ಲ ಇದನ್ನೇ ಹಚ್ಚುತ್ತಿದ್ದರು. ದೂರ ಹೋಗುವ ಬದಲು ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. ಬಳಿಯುತ್ತಿದ್ದವರು ತಲೆಯೆತ್ತಿ, "ಎಂತ ಬೇಕಿತ್ತು?" ಎಂದು ಕೇಳಿದರು. ಏನೂ ಬೇಡ ಎಂದೆ.

ಹಲಗೆಯಣ್ಣನ ಮೈಯಿಂದ, ಅಂಗಿಯಿಂದ, ಅವರು ಕೊಟ್ಟ ಚಹಾದ ಲೋಟದಿಂದಲೂ ಇದೇ ವಾಸನೆ ಬರುತ್ತಿತ್ತು.

ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವಳು. ಆಗ ಕೆಲಸಕ್ಕೆ ಹೊಸಬಳು. ಕಾರ್ಕಳದ ಕಡೆಯ ಗುಡ್ಡಗಳಲ್ಲಿ ಹುಟ್ಟಿ ಕಾಪುವಿನ ಆಸುಪಾಸಿನಲ್ಲಿ ಕಡಲು ಸೇರುವ ಒಂದು ಸಣ್ಣ ಹೊಳೆಯ ಉದ್ದಕ್ಕೂ ಒಂಬತ್ತು ಜಾಗ ಗುರುತಿಸಿ, ತಿಂಗಳಿಗೊಮ್ಮೆ ಅಲ್ಲಲ್ಲಿಯ ನೀರು ತಂದು ನೋಡಬೇಕಿತ್ತು. ಮೇಲೆ ಕಲ್ಲುಕೋರೆಯ ಕೆಸರು, ನಡುವೆ ಪೇಟೆಯ ಚರಂಡಿ, ಕೆಳಗೆ ಕಡಲಿನ ಉಪ್ಪು. ಒಂದೇ ಹೊಳೆಗೆ ಒಂದೊಂದು ಕಡೆ ಒಂದೊಂದು ಕಾಯಿಲೆ. ಶಂಕರಪುರದ ಹತ್ತಿರದ ಏಳನೆಯ ಜಾಗದಲ್ಲಿ ಕಿಂಡಿ ಅಣೆಕಟ್ಟು ಇತ್ತು. ಅದರ ಕಿಂಡಿ ಮುಚ್ಚುವ ಹಲಗೆಗಳಿಗೆ ಗೇರೆಣ್ಣೆ ಹಚ್ಚಿ ನೋಡಿಕೊಳ್ಳುತ್ತಿದ್ದ ಹಲಗೆಯಣ್ಣ ಅಲ್ಲಿಯವರು.

ಮಳೆಗಾಲದಲ್ಲಿ ಆ ಅಣೆಕಟ್ಟು ಬರೀ ಕಂಬಗಳ ಸಾಲು. ಮಳೆ ನಿಂತು ಹೊಳೆಯ ಸೆಳೆತ ತಗ್ಗಿದ ಮೇಲೆ ಕಂಬಗಳ ನಡುವಿನ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಕೆಮ್ಮಣ್ಣು ತುಂಬುತ್ತಾರೆ. ಮೇಲಿನ ಸಿಹಿನೀರು ನಿಲ್ಲುತ್ತದೆ, ಕೆಳಗಿನಿಂದ ಕಡಲಿನ ಭರತದಲ್ಲಿ ಏರಿ ಬರುವ ಉಪ್ಪುನೀರು ಆಚೆಯೇ ಉಳಿಯುತ್ತದೆ. ಆದರೆ ಹಲಗೆ ಇಳಿಸುವ ದಿನ ತಪ್ಪಬಾರದು. ಅಷ್ಟರೊಳಗೆ ಉಪ್ಪು ಮೇಲೆ ಹತ್ತಿದ್ದರೆ ಅದನ್ನು ನಾವೇ ಒಳಗೆ ಕೂಡಿಹಾಕಿದಂತೆ. ಆಮೇಲೆ ಬದಿಯ ಬಾವಿಗಳೂ ಉಪ್ಪು, ದಂಡೆಯ ತೋಟಗಳ ಮಲ್ಲಿಗೆ ಗಿಡವೂ ಕರಕಲು.

ಆ ದಿನವನ್ನು ಹೇಳುವುದು ಹಲಗೆಯಣ್ಣನ ಕೆಲಸ. ಅವರ ತಂದೆಯೂ ಅದನ್ನೇ ಮಾಡುತ್ತಿದ್ದರಂತೆ. ಒಂದಾಳುದ್ದದ ಬಿದಿರಿನ ಕೊಳವೆ, ಬುಡದಲ್ಲಿ ಹಗ್ಗ ಕಟ್ಟಿದ ಬಿರಡೆ. ಸೊಂಟದ ಮಟ್ಟ ನೀರಿಗಿಳಿದು, ಕೊಳವೆಯನ್ನು ಹೊಳೆಯ ತಳಕ್ಕೆ ಮುಟ್ಟಿಸಿ, ಹಗ್ಗ ಎಳೆದು ಅಡಿಯ ನೀರು ತುಂಬಿಸುತ್ತಿದ್ದರು. ಅದರಿಂದ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು ಕಣ್ಣು ಮುಚ್ಚುವರು. ದಂಡೆಯಲ್ಲಿ ನಿಂತ ತೋಟದವರೆಲ್ಲ ಮದುಮಗಳ ಒಪ್ಪಿಗೆಗೆ ಕಾದವರಂತೆ ಅವರ ಮುಖವನ್ನೇ ನೋಡುವರು. "ಸಿಹಿ" ಎಂದರೆ ಹಲಗೆ ಹೊರಡುತ್ತಿತ್ತು. "ಎರಡು ದಿನ ಹೋಗ್ಲಿ" ಎಂದರೆ, ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತ ತಗ್ಗಿ ಉಪ್ಪು ಕೆಳಗಿಳಿಯಲೆಂದು ಎಲ್ಲರೂ ಮನೆಗೆ. ಉಪ್ಪು ಅಳೆಯುವ ಮೀಟರ್ ಹಿಡಿದು ಹೋದ ನನ್ನನ್ನು ಯಾರೂ ಕೇಳುತ್ತಲೇ ಇರಲಿಲ್ಲ. ನನಗೆ ಹೊಟ್ಟೆಯುರಿ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ವರ್ಷ ಅವರು "ಸಿಹಿ" ಎನ್ನಲು ಬಾಯಿ ತೆರೆಯುವಾಗ, ಅದೇ ಕೊಳವೆಯ ನೀರಿನಲ್ಲಿ ಇಟ್ಟಿದ್ದ ನನ್ನ ಮೀಟರಿನ ಅಂಕಿ ಸರಸರ ಏರಿತು. ನಾನು ಮೀಟರನ್ನು ಅವರತ್ತ ತಿರುಗಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ದಂಡೆಯ ಕಡೆಗೆ ತಿರುಗಿ, "ಎರಡು ದಿನ ಹೋಗ್ಲಿ" ಎಂದರು.

ಎಲ್ಲರೂ ಹೋದ ಮೇಲೆ ಕಲ್ಲಿನ ಮೇಲೆ ಕೂತು ಹೇಳಿದರು: "ನಾಲಿಗೆಗೆ ಈಗ ಉಪ್ಪು ಸರಿ ಗೊತ್ತಾಗುದಿಲ್ಲ ಮೇಡಂ. ಸಾರಿಗೆ ಹೆಂಡತಿ ಉಪ್ಪು ಹಾಕಿದ್ದಾಳಾ ಇಲ್ವಾ ಅಂತಲೂ ಗೊತ್ತಾಗುದಿಲ್ಲ. ಊರಲ್ಲಿ ಹೇಳ್ಬೇಡಿ."

"ಮತ್ತೆ ಮುಂದೆ ಎಂತ ಮಾಡುದು?"

"ನೀವುಂಟಲ್ಲ" ಎಂದು ನಕ್ಕರು.

ಹಾಗೆ ನಮ್ಮಿಬ್ಬರ ನಾಟಕ ಶುರುವಾಯಿತು. ಅವರು ಅಡಿಯ ನೀರು ತೆಗೆಯುವುದು, ನಾನು ಅಳೆಯುವುದು. ನೀರು ಸಿಹಿಯಿದ್ದರೆ ನಾನು ಪೆನ್ನಿಗೆ ಮುಚ್ಚಳ ಹಾಕಬೇಕು, ಉಪ್ಪಿದ್ದರೆ ಬರೆಯುತ್ತಲೇ ಇರಬೇಕು. ಅವರು ಓರೆಗಣ್ಣಿನಲ್ಲಿ ಪೆನ್ನು ನೋಡಿ, ಮತ್ತೆ ಕಣ್ಣು ಮುಚ್ಚಿ, ಗಂಭೀರವಾಗಿ ತೀರ್ಪು ಕೊಡುವರು. ಮೊದಲಿಗಿಂತ ಜಾಸ್ತಿ ಹೊತ್ತು ಕಣ್ಣು ಮುಚ್ಚುತ್ತಿದ್ದರು ಎಂದು ನನ್ನ ಅನುಮಾನ. ನನಗೂ ಒಳಗೊಳಗೇ ಹೆಮ್ಮೆ. ಆ ದಿನಗಳಲ್ಲಿ ನಾವು ಎಷ್ಟು ನಕ್ಕಿದ್ದೇವೋ...

ನಾಲ್ಕನೆಯ ವರ್ಷ ಅವರ ಕಾಲಿಗೆ ಗಾಯವಾಗಿತ್ತು. ಸಕ್ಕರೆ ಕಾಯಿಲೆ, ಗಾಯ ಮಾಯುತ್ತಿರಲಿಲ್ಲ. ನೀರಿಗೆ ಇಳಿಯಬಾರದೆಂದು ಡಾಕ್ಟರರು ಹೇಳಿದ್ದರು. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಅವರು ದಂಡೆಯಲ್ಲಿ ಕೂತು ಬಿದಿರಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅಣೆಕಟ್ಟಿನ ಮೇಲಿನ ಕಾಲುಸೇತುವೆಯಲ್ಲಿ ಹೋಗಿ ಕೊಳವೆ ಇಳಿಸಿದೆ. ಮೊದಲ ಸಲ ಬಿರಡೆಗೆ ಕೆಸರು ಸಿಕ್ಕಿಕೊಂಡಿತು. ಎರಡನೆಯ ಸಲ ಹಗ್ಗವೇ ಜಾರಿತು. ಮಣಿಪಾಲದ ಬಸ್ಸಿಗೆ ಹೊತ್ತಾಗಿತ್ತು, ನನಗೆ ಸಿಟ್ಟು ಬಂದಿತ್ತು. ಮೀಟರ್ ಕೈಯಲ್ಲಿರುವಾಗ ಈ ಬಿದಿರಿನ ಜೊತೆ ಏನು ಗುದ್ದಾಟ ಎಂದುಕೊಂಡು, ಕಂಬದ ಮರೆಯಲ್ಲಿ ಚೀಲದಿಂದ ಬಾಲ್ದಿ ತೆಗೆದು ಮೇಲಿನ ನೀರನ್ನೇ ಎತ್ತಿದೆ.

ಉಪ್ಪುನೀರು ಭಾರ, ಅದು ಅಡಿಯಲ್ಲಿ ಕೂರುತ್ತದೆ, ಸಿಹಿನೀರು ಅದರ ಮೇಲೆ ತೇಲುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಓದಿ ಪರೀಕ್ಷೆ ಬರೆದು ಪಾಸಾದವಳು ನಾನು.

ಮೀಟರು ಸಿಹಿ ಎಂದಿತು. ಆ ನೀರನ್ನು ಲೋಟಕ್ಕೆ ಸುರಿದು, ದಂಡೆಗೆ ಬಂದು ಅವರ ಕೈಗೆ ಕೊಟ್ಟು, ಪೆನ್ನಿಗೆ ಮುಚ್ಚಳ ಹಾಕಿದೆ. ಅವರು ಕೂಡಲೇ ಬಾಯಿಗೆ ಹಾಕಲಿಲ್ಲ.

"ಅಡಿಯಿಂದ ತೆಗೆದದ್ದಾ?" ಎಂದು ಮೆಲ್ಲಗೆ ಕೇಳಿದರು.

"ಹೌದಣ್ಣ" ಎಂದೆ.

ಅವರು ನೀರನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು. "ಸಿಹಿ, ಹಲಗೆ ತನ್ನಿ" ಎಂದರು. ನನಗೆ ಬಸ್ಸು ಸಿಕ್ಕಿತು.

ಒಂದೂವರೆ ತಿಂಗಳಲ್ಲಿ ಹೊಳೆಬದಿಯ ಬಾವಿಗಳ ನೀರು ಬಾಯಿಗಿಡಲು ಆಗದಂತಾಯಿತು. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಅಣೆಕಟ್ಟಿಗೆ ತಾಗಿಕೊಂಡೇ ಮಲ್ಲಿಗೆ ತೋಟ ಇದ್ದ ಅಕ್ಕನಿಗೆ. ಗಂಡನಿಲ್ಲದ ಹೆಂಗಸು, ಆ ಗಿಡಗಳಿಂದಲೇ ಮನೆ ನಡೆಯುತ್ತಿತ್ತು. ಎಲೆಯ ಅಂಚು ಸುಟ್ಟಂತಾಗಿ, ಮೊಗ್ಗು ಬಿಡುವ ಮೊದಲೇ ಗಿಡಗಳು ಒಣಗತೊಡಗಿದ್ದವು. ನಾನು ಸುದ್ದಿ ಕೇಳಿ ಹೋದೆ. ಈ ಸಲ ಕೊಳವೆಯನ್ನು ಸರಿಯಾಗಿ ತಳಕ್ಕೆ ಇಳಿಸಿದೆ. ಮೇಲೆ ಸಿಹಿ, ಅಡಿಯಲ್ಲಿ ಬರೀ ಕಡಲು.

ತೋಟದವರೆಲ್ಲ ಅಣೆಕಟ್ಟಿನ ಬಳಿ ಸೇರಿದ್ದರು. ಅಣೆಕಟ್ಟಿನ ಸಮಿತಿಯ ಹಿರಿಯರು ನನ್ನ ಕಡೆ ತಿರುಗಿ, "ಮೇಡಂ, ಆವತ್ತು ನಿಮ್ಮ ಮೀಟರ್ ಎಂತ ಹೇಳಿತ್ತು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಲಗೆಯಣ್ಣ ಎದ್ದು ನಿಂತರು.

"ಮೀಟರ್ ಸರಿಯೇ ಹೇಳಿತ್ತು. ನಾನು ಕೇಳ್ಲಿಲ್ಲ. ನನ್ನ ನಾಲಿಗೆ ಸತ್ತು ಎರಡು ವರ್ಷ ಆಯ್ತು, ನಿಮ್ಮಿಂದ ಮುಚ್ಚಿಟ್ಟೆ."

ಮಲ್ಲಿಗೆಯ ಅಕ್ಕ ಮುಂದೆ ಬಂದರು. "ಮರ್ಯಾದೆಗೆ ಬೇಕಾಗಿ ನನ್ನ ಅನ್ನಕ್ಕೆ ಮಣ್ಣು ಹಾಕಿದ್ರಿ ಅಲ್ವಾ? ಇನ್ನು ನನ್ನ ಜಾಗಕ್ಕೆ ಕಾಲಿಡ್ಬೇಡಿ" ಎಂದು ಎಲ್ಲರ ಎದುರು ಬೈದರು. ಹಲಗೆಯಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ನಾನೂ ತಲೆ ತಗ್ಗಿಸಿದ್ದೆ, ಆದರೆ ಬಾಯಿ ಬಿಡಲಿಲ್ಲ.

ರಸ್ತೆಯವರೆಗೆ ಅವರು ಕುಂಟುತ್ತ ನನ್ನ ಜೊತೆ ಬಂದರು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ನನ್ನ ನಾಲಿಗೆ ಹೇಗೂ ಹೋಗಿದೆ. ಮೀಟರಿನ ಮೇಲಿನ ನಂಬಿಕೆಯೂ ಹೋದ್ರೆ ಮುಂದಿನ ವರ್ಷ ಇವರಿಗೆ ನೀರು ಹೇಳುವವರು ಯಾರು ಮಾರಾಯ್ರೆ?" ಎಂದರು. ಆಗಲಾದರೂ ಹೇಳಬಹುದಿತ್ತು. ಬಸ್ಸು ಬಂತು, ಹತ್ತಿದೆ.

ಮಣ್ಣು ಅಗೆದು, ಹಲಗೆಗಳನ್ನೆಲ್ಲ ಕಿತ್ತು, ಇಳಿತದ ಹೊತ್ತು ನೋಡಿ ಉಪ್ಪುನೀರನ್ನು ಕಡಲಿಗೆ ಬಿಟ್ಟು, ಮತ್ತೆ ಹಲಗೆ ಹಾಕಿದ್ದಾಯಿತು. ಆದರೆ ಅಷ್ಟರಲ್ಲಿ ಹೊಳೆ ಬಡವಾಗಿತ್ತು, ಅರ್ಧವೂ ತುಂಬಲಿಲ್ಲ. ಬಾವಿಗಳು ಸರಿಯಾಗಲು ಎರಡು ಮಳೆಗಾಲ ಬೇಕಾಯಿತು. ಮರುವರ್ಷದಿಂದ ಹಲಗೆ ಹಾಕುವ ದಿನವನ್ನು ನನ್ನ ಮೀಟರೇ ಹೇಳತೊಡಗಿತು. ಹಲಗೆಯಣ್ಣನನ್ನು ಯಾರೂ ಕರೆಯಲಿಲ್ಲ. ಕರೆಯದಿದ್ದರೂ ಬಂದು ದೂರದ ಕಲ್ಲಿನ ಮೇಲೆ ಕೂತಿರುತ್ತಿದ್ದರು. ನಾನು ಪೆನ್ನಿಗೆ ಮುಚ್ಚಳ ಹಾಕುವಾಗ ಅವರ ಕಡೆ ನೋಡುತ್ತಿರಲಿಲ್ಲ.

ಅವರು ತೀರಿಕೊಂಡಾಗ ಉತ್ತರಕ್ರಿಯೆಯ ದಿನದ ಬೊಜ್ಜದ ಊಟಕ್ಕೆ ಹೋಗಿದ್ದೆ. ಹೊರಡುವಾಗ ಅವರ ಹೆಂಡತಿ ಒಳಗಿನಿಂದ ಬಿದಿರಿನ ಕೊಳವೆಯನ್ನು ತಂದು ಕೊಟ್ಟರು. ಹೊಸದಾಗಿ ಗೇರೆಣ್ಣೆ ಹಚ್ಚಿತ್ತು, ಬಿರಡೆಯ ಹಗ್ಗವೂ ಹೊಸದು. "ಮೇಡಂಗೆ ಕೊಡು ಅಂತ ಹೇಳಿದ್ದಾರೆ. ಅಡಿಯ ನೀರು ತೆಗೀಲಿಕ್ಕೆ ನಿಮಗೆ ಕಷ್ಟ ಆಗ್ತದಂತೆ, ಹಗ್ಗ ಜಾರ್ತದಂತೆ."

ಹಲಗೆಯಣ್ಣನಿಗೆ ಗೊತ್ತಿತ್ತು. ದಂಡೆಯಲ್ಲಿ ಕೂತು ಎಲ್ಲ ನೋಡಿದ್ದರೋ, ಆಮೇಲೆ ಊಹಿಸಿದರೋ... ಕೇಳಲು ಅವರಿರಲಿಲ್ಲ.

ಈಗ ಅಣೆಕಟ್ಟಿಗೆ ಫೈಬರ್ ಹಲಗೆ ಬಂದಿದೆ, ಗೇರೆಣ್ಣೆಯ ಅಗತ್ಯವೇ ಇಲ್ಲ. ನನ್ನ ಜೊತೆ ಬರುವ ವಿದ್ಯಾರ್ಥಿಗಳಿಗೆ ಮೊದಲು ಆ ಕೊಳವೆ ಇಳಿಸಲು ಕಲಿಸುತ್ತೇನೆ. ಪ್ರತಿ ಬಾಟಲಿಗೂ "ಅಡಿಯಿಂದ ತೆಗೆದದ್ದಾ?" ಎಂದು ಕೇಳುತ್ತೇನೆಂದು ಬೆನ್ನ ಹಿಂದೆ ನನ್ನನ್ನು ಅಣಕಿಸುತ್ತಾರೆ ಎಂದೂ ಗೊತ್ತು. ಅಣಕಿಸಲಿ.

ಕಾಪುವಿನಲ್ಲಿ ಆ ವಾಸನೆ ಮೂಗಿಗೆ ಬಡಿದ ದಿನ ನಾನು ಮಣಿಪಾಲದ ಬಸ್ಸು ಹತ್ತಲಿಲ್ಲ, ಶಂಕರಪುರಕ್ಕೆ ಹೋದೆ. ಮಲ್ಲಿಗೆಯ ಅಕ್ಕ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಲ್ದಿ, ಬಸ್ಸು, ಸುಳ್ಳು, ಎಲ್ಲವನ್ನೂ ಹೇಳಿದೆ. ಅಕ್ಕನ ಕೈ ನಿಂತಿತು.

"ಗಿಡ ಮತ್ತೆ ಆಯ್ತು ಮೇಡಂ, ಅದು ಬಿಡಿ" ಎಂದರು. "ನಾನು ಬರ್ಬೇಡಿ ಅಂದ್ರೂ ಅವರು ದಿನಾ ಬೇಲಿಯ ಆಚೆ ನಿಂತು ಕೇಳ್ತಿದ್ರು, ಬಾವಿ ನೀರು ಈಗ ಹೇಗುಂಟು ಅಂತ. ಸಿಹಿ ಆದ ಮೇಲೂ ನಾನು ಒಂದು ದಿನವೂ ಉತ್ತರ ಕೊಡ್ಲಿಲ್ಲ. ಈಗ ಬಂದು ಹೇಳ್ತೀರಲ್ಲ... ಇನ್ನು ನಾನು ಯಾರ ಹತ್ರ ಹೋಗಿ ಹೇಳ್ಲಿ?"

ಎದ್ದು ಹೋಗಿ ಬಾವಿಯಿಂದ ಒಂದು ಚೊಂಬು ನೀರು ಸೇದಿ ತಂದು ನನ್ನ ಮುಂದಿಟ್ಟರು. ಕುಡಿದೆ. ಸಿಹಿಯಾಗಿತ್ತು. ಹಾಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ.