ಮಡಿಲಿನ ಕೆಂಪು ನೂಲು

ಗೆಳತಿಯರೇ, ಇಂದು ಬೆಳಗ್ಗೆ ನಮ್ಮ ಅತ್ತೆ ನನ್ನ ಮಡಿಲಿನಿಂದ ಕೆಂಪು ನೂಲನ್ನು ಕಿತ್ತುಕೊಂಡರು. ನಾನು ಬಾಗಿಲ ಮುಂದಿನ ತಿಣ್ಣೆಯ ಮೇಲೆ ಕೂತು ದಿಂಬಿನ ಚೀಲಕ್ಕೆ ಗುಲಾಬಿಯ ಕಸೂತಿ ಹಾಕುತ್ತಿದ್ದೆ. ಎದುರುಮನೆಯ ಟೀಚರಮ್ಮ ನಿನ್ನೆಯಷ್ಟೇ ಗಂಟುಹೊಲಿಗೆ ಹೇಳಿಕೊಟ್ಟಿದ್ದರು. ನಮ್ಮ ಯಜಮಾನರು ತೀರಿಕೊಂಡು ಹತ್ತು ತಿಂಗಳಾಯಿತು. ಗಂಟು ಹಾಕುತ್ತಾ ಕೂತರೆ ಆ ಹೊತ್ತಾದರೂ ಅಳು ಬರುವುದಿಲ್ಲ.

“ಗಂಡ ಹೋದೋಳಿಗೆ ಕೆಂಪು ಯಾಕಮ್ಮ? ಬೀದಿ ಜನ ನೋಡಿದ್ರೆ ಅಸಿಂಗ, ನಾಚಿಕೆಗೇಡು ಅಲ್ವಾ?” ಎಂದರು ಅತ್ತೆ.

ಅದೇ ಉಸಿರಿನಲ್ಲಿ ಒಂದು ಬುಟ್ಟಿ ತಂದು ಮುಂದಿಟ್ಟರು. ಅದರ ತುಂಬ ಕೆಂಪು ರೇಷ್ಮೆಯ ಲಡಿ. ಮೈದುನನ ಮಗ್ಗದಲ್ಲಿ ಯಾರದೋ ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು.

“ಸೀಕ್ರ ಲಾಳಿಯ ಕಂಡಿಕೆಗೆ ಸುತ್ತಿಕೊಡು, ತರಿ ಸುಮ್ನೆ ನಿಂತಿದೆ” ಎಂದು ಮಗ್ಗದ ಕಡೆ ಕೈ ತೋರಿಸಿದರು.

“ಇದೂ ಕೆಂಪೇ ಅಲ್ವಾ ಅತ್ತೆ?”

“ಇದು ವೇಲೆ, ದುಡಿಮೆ. ಅದು ಶೋಕಿ.”

ನನಗೆ ಮೈಯೆಲ್ಲ ಉರಿಯಿತು. ಮದುವೆ ಹೆಣ್ಣಿನ ಸೀರೆಗೆ ನನ್ನ ಕೈ ಆಗುತ್ತದೆ, ನನ್ನ ದಿಂಬಿಗೆ ಆಗುವುದಿಲ್ಲ. ಬುಟ್ಟಿಯನ್ನು ಅವರ ಕಡೆಗೇ ತಳ್ಳಿ, “ನೀವೇ ಸುತ್ತಿ, ನಿಮ್ಮದು ಮುತ್ತೈದೆ ಕೈ” ಎಂದೆ.

ಮಧ್ಯಾಹ್ನದವರೆಗೆ ಮಗ್ಗ ಸದ್ದು ಮಾಡಲಿಲ್ಲ. ಅತ್ತೆಗೆ ಕಣ್ಣು ಮಂಜು, ಎಳೆ ಮತ್ತೆ ಮತ್ತೆ ಕಡಿಯಿತು. ಕಡೆಗೆ ನನ್ನ ನೂಲನ್ನು ತಂದು ಮಡಿಲಿಗೆ ಹಾಕಿ, “ಕದ ಮುಚ್ಕೊಂಡು ಏನಾದ್ರೂ ಕಸೂತಿ ಹಾಕ್ಕೋ. ಈಗ ಇದನ್ನ ಸುತ್ತು” ಎಂದರು. ಸುತ್ತಿಕೊಟ್ಟೆ.

ಕದ ಮುಚ್ಚಿದರೆ ನಮ್ಮ ಮನೆಯೊಳಗೆ ಸೂಜಿಯ ಕಣ್ಣು ಕಾಣುವುದಿಲ್ಲ. ನಾಳೆಯೂ ತಿಣ್ಣೆಯ ಮೇಲೆಯೇ ಕೂರುತ್ತೇನೆ. ಬೀದಿಯವರು ನೋಡಲಿ. ಅವರ ಮನೆ ಹೆಣ್ಣುಮಕ್ಕಳ ಮದುವೆಯ ಸೀರೆಗೂ ನೂಲು ಸುತ್ತಿದವಳು ನಾನೇ.