ಸಂಡೂರಿಗೆ ಹೋಗುವ ಗಾಡಿ

ಆ ಸೋಮವಾರ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾಗ ಎದುರುಮನೆಯ ಟೀಚರ್ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಎಂಟು ತಿಂಗಳ ಕಾಯಿಲೆ ರಜೆ ಮುಗಿಸಿ ಶಾಲೆಗೆ ಹೊರಟ ಮೊದಲ ದಿನ ಅದು. ಔಷಧಕ್ಕೆ ಉದುರಿದ್ದ ಕೂದಲು ಬೆರಳಗಲ ಬೆಳೆದಿತ್ತು. ಅದಕ್ಕೇ ಪಿನ್ನು ಹಾಕಿ ಒಂದು ಮಲ್ಲಿಗೆ ಸಿಗಿಸಿದ್ದರು.

ಹೊಸಪೇಟೆಯಿಂದ ಸಂಡೂರಿನ ಆ ಶಾಲೆಗೆ ಐವರು ಟೀಚರುಗಳು ಒಂದೇ ಬಾಡಿಗೆ ಗಾಡಿಯಲ್ಲಿ ಹೋಗುತ್ತಿದ್ದರು. ಗಾಡಿಯಲ್ಲಿ ಎಲ್ಲರೂ ತಿನ್ನುವ ಸೋಮವಾರದ ಒಗ್ಗರಣೆ ಮಂಡಕ್ಕಿ ಯಾವಾಗಲೂ ಎದುರುಮನೆಯ ಟೀಚರದೇ. ಇವರು ಮಲಗಿದ್ದಾಗ ಇವರ ಕ್ಲಾಸುಗಳೆಲ್ಲ ಉಳಿದ ನಾಲ್ವರ ಮೇಲೆ ಬಿದ್ದಿದ್ದವು. ಅವರಿಗೆ ಸಿಟ್ಟಿರಬಹುದು ಎಂದು ನಾನೊಮ್ಮೆ ಅಂದಾಗ, "ನಮ್ಮವ್ರೇ ಅಲ್ಲೇನ್ರಿ" ಎಂದು ನಕ್ಕಿದ್ದರು.

ಎಂಟೂವರೆಯಾದರೂ ಗಾಡಿ ಬರಲಿಲ್ಲ. ನಾನು ಕುರ್ಚಿ ತಂದಿಟ್ಟೆ.

"ಕುಂದ್ರಿ ಟೀಚರ್."

"ಬ್ಯಾಡ್ರಿ, ಈಗ ಬಂದುಬಿಡ್ತಾರ."

ನಾಲ್ವರಿಗೂ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ.

"ಡ್ರೈವರ್ ಹಾಡು ಜೋರು ಹಚ್ಚಿರ್ತಾನ್ರಿ, ಕೇಳ್ಸಿರಲಿಕ್ಕಿಲ್ಲ. ನಮ್ಮವ್ರೇ ಅಲ್ಲೇನ್ರಿ."

ಕೊನೆಗೆ ಮಂಡಕ್ಕಿ ಡಬ್ಬಿಯನ್ನೂ ಐದು ಚಮಚಗಳನ್ನೂ ನನ್ನ ಕೈಗಿಟ್ಟರು. "ನೀವರ ತಿನ್ರಿ, ಮೆತ್ತಗಾಗ್ತಾವ" ಎಂದು, ಕಾಂಪೌಂಡ್ ಗೋಡೆಗಳನ್ನು ಹಿಡಿದುಕೊಳ್ಳುತ್ತ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಡಬ್ಬಿ ಇನ್ನೂ ಬೆಚ್ಚಗಿತ್ತು.

ಸಂಜೆ ಪಕ್ಕದ ಮನೆಯಾಕೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತ ಕೇಳಿದಳು.

"ಟೀಚರ್ ಮುಂಜಾನೆ ಗಾಡಿ ಕಾದ್ರೇನ್ರಿ? ಅದು ಹೋದ ವಾರದಿಂದ ನಮ್ಮ ಓಣಿ ಬಿಟ್ಟು ಕಾಲುವಿ ರಸ್ತೆಗುಂಟ ಹೋಗಾಕ್ಹತ್ತೇತಿ. ಇವ್ರು ವಾಪಸ್ ಬರ್ತಾರಂತ ಗೊತ್ತಾತಲ್ಲ, ಆವಾಗಿಂದ."