ಬಾಗಿಲಲ್ಲೇ ಉಳಿದ ತುಂಬೆ ಹೂ

ಬಾಲೆ ಮರಿಯಮ್ಮನಿಗೆ ಹೂ ಹಾಕುವುದಕ್ಕೂ ಒಂದು ಪಟ್ಟಿ ಬೇಕೇ? ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮಂಗಳೂರು ಕಡೆಯ ಕ್ರೈಸ್ತರಿಗೆ ಮೊಂತಿ ಹಬ್ಬವೆಂದರೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ದು ಪುಟ್ಟ ಪ್ರತಿಮೆಯ ಮೇಲೆ ಎರಚುತ್ತಾರೆ. ಯಾವ ಹೂ ಎಂದು ಯಾರೂ ಕೇಳುವುದಿಲ್ಲ. ದಾಸವಾಳ, ಗೊಂಡೆ, ಬೇಲಿಯಂಚಿನ ಹೆಸರಿಲ್ಲದ ಹೂ, ಎಲ್ಲವೂ ನಡೆಯುತ್ತದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ತಿರುವನಂತಪುರದಲ್ಲಿದ್ದಾಗಲೂ ನಾಲ್ಕೈದು ಕನ್ನಡದ ಮನೆಯವರು ಸೇರಿ ಹಾಗೆಯೇ ಮಾಡುತ್ತಿದ್ದೆವು. ಆಮೇಲೆ ಕೊಚ್ಚಿಗೆ ಬಂದೆ. ಇಲ್ಲಿ ಗುಂಪು ದೊಡ್ಡದು, ಆದ್ದರಿಂದ ಕಮಿಟಿಯೂ ಇದೆ!

ನನ್ನ ಮಗಳಿಗೆ ಏಳು ವರ್ಷ. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವಳು. ಓಣಂ ಸಮಯವಲ್ಲವೇ, ಎಡಪ್ಪಳ್ಳಿಯ ನಮ್ಮ ಫ್ಲ್ಯಾಟಿನ ಹಿಂದಿನ ಖಾಲಿ ಸೈಟಿನಲ್ಲಿ ತುಂಬೆ ಬಿಳಿಯಾಗಿ ಅರಳಿತ್ತು. ಹಬ್ಬದ ದಿನ ಕೆಳಮನೆಯ ಅಮ್ಮಚ್ಚಿಯ ಜೊತೆ ಕೂತು ಒಂದೊಂದೇ ಹೂ ಬಿಡಿಸಿದಳು. ಅಂಗೈಯಗಲದ ಬುಟ್ಟಿ ತುಂಬಲು ಎರಡು ಗಂಟೆ ಹಿಡಿಯಿತು. "ಮೋಳೇ, ಮಾತಾವಿನ್ ಇದು ಮದಿ," ಎಂದರು ಆ ಅಜ್ಜಿ. ಮಗಳೇ, ಮರಿಯಮ್ಮನಿಗೆ ಇಷ್ಟು ಸಾಕು ಎಂದು.

ಕಲೂರಿನ ಇಗರ್ಜಿಯ ಬಾಗಿಲಲ್ಲಿ ನಮ್ಮ ಕಮಿಟಿಯ ಹಿರಿಯಕ್ಕ ನಿಂತಿದ್ದರು. ಮೈಸೂರು ಕಡೆಯವರು, ಬುದ್ಧಿವಂತರು, ಸಂತರ ಬಗ್ಗೆ ಎಲ್ಲವನ್ನೂ ಓದಿಕೊಂಡವರು.

"ಅಯ್ಯೋ, ತುಂಬೆ ಶಿವಪೂಜೆ ಹೂವಲ್ವೇನೇ? ಪಟ್ಟಿ ಕಳಿಸಿದ್ನಲ್ಲ! ಮರಿಯಮ್ಮನಿಗೆ, ಜೋಸೆಫರಿಗೆ, ಅಂತೋನಿಯವರಿಗೆ ಲಿಲ್ಲಿ. ಪುಟ್ಟ ತೆರೇಸಮ್ಮನಿಗೆ ಗುಲಾಬಿ. ಲಿಲ್ಲಿ ಅಂದ್ರೆ ಪರಿಶುದ್ಧತೆ. ಒಂದೊಂದಕ್ಕೂ ಅರ್ಥ ಇರುತ್ತೆ ಕಣೇ."

ಹಾಗೆಂದವರೇ ಮಗಳ ಕೈಯಿಂದ ಬುಟ್ಟಿ ತೆಗೆದು, ಚಪ್ಪಲಿಗಳ ಪಕ್ಕ ಬೆಂಚಿನ ಕೆಳಗಿಟ್ಟು, ಒಂದು ಲಿಲ್ಲಿ ಕೊಟ್ಟರು. ಬಟ್ಟೆಯದು! ಬೆಳಿಗ್ಗೆ ಅರಳಿದ ಹೂ ಅಶುದ್ಧ, ಅಂಗಡಿಯ ಬಟ್ಟೆ ಪರಿಶುದ್ಧ. ಇದೆಂಥ ನ್ಯಾಯ?

"ಅಕ್ಕಾ, ಹೂವಿಗೂ ಜಾತಿ ಮಾಡುದಾ?" ಎಂದೆ. ನನ್ನ ದನಿ ಏರಿತ್ತು. "ನಿಮ್ಮ ತೆರೇಸಮ್ಮ ತನ್ನನ್ನೇ ಚಿಕ್ಕ ಹೂ ಅಂತ ಕರ್ಕೊಂಡವಳು. ಅವಳು ಬಂದ್ರೂ ಬಾಗಿಲಲ್ಲೇ ನಿಲ್ಲಿಸುದಾ?"

"ನೀನೂ ಗ್ರೂಪಲ್ಲಿ ಆ ಪಟ್ಟಿಗೆ ಹೆಬ್ಬೆಟ್ಟು ಒತ್ತಿದ್ದೆ ತಾನೇ?" ಎಂದರು ಅವರು, ತಣ್ಣಗೆ.

ಒತ್ತಿದ್ದೆ. ಬ್ಯಾಂಕಿನ ಕೌಂಟರಿನ ಮುಂದೆ ಜನ ಕಾಯುತ್ತಿದ್ದಾಗ, ಫೋನಿಗೆ ಬಂದ ಪಟ್ಟಿಯ ಒಂದಕ್ಷರವನ್ನೂ ಓದದೆ. ಅವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಆ ಗಳಿಗೆಯಲ್ಲೇ ನನ್ನ ಮೇಲೆ ತಿರುಗಿತು. ಇಷ್ಟಾದರೂ ಬಗ್ಗಿ ಬೆಂಚಿನ ಕೆಳಗಿನ ಬುಟ್ಟಿ ಎಳೆದು ಮಗಳ ಕೈಗಿಟ್ಟೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

"ಹೋಗು ಮಗಾ, ಹಾಕು."

ಮುಂದೆ ಹಾಡು ಶುರುವಾಗಿತ್ತು. ಮಕ್ಕಳು ಸಾಲಾಗಿ ಹೋಗಿ ಬಟ್ಟೆಯ ಲಿಲ್ಲಿಗಳನ್ನು ಹಾಕುತ್ತಿದ್ದರು. ನನ್ನವಳು ಅವರ ಕೈಗಳನ್ನು ನೋಡಿದಳು, ತನ್ನ ಬುಟ್ಟಿಯನ್ನು ನೋಡಿದಳು, ಫ್ರಾಕಿನ ಅಂಚನ್ನು ಎಳೆದು ಅದರ ಮೇಲೆ ಮುಚ್ಚಿದಳು.

"ವೇಂಡ ಅಮ್ಮಾ," ಎಂದಳು. "ಇದು ಕೊಳ್ಳಿಲ್ಲ."

ಬೇಡವಂತೆ, ಇದು ಚೆನ್ನಾಗಿಲ್ಲವಂತೆ. ಬೆಳಿಗ್ಗೆ ಆ ಬುಟ್ಟಿಯನ್ನು ಅಪ್ಪನಿಗೂ ಮುಟ್ಟಲು ಬಿಟ್ಟಿರಲಿಲ್ಲ ಅವಳು.